ಬಣ್ಣ ಹಚ್ಚಿದ ಹುಡುಗ ಕ್ಯಾಮರಾದ ಹಿಂದೆ ನಿಂತ ಕಥೆ

1917ರ ಆಸುಪಾಸು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಹದಿನೈದು ಹದಿನಾರು ವರ್ಷದ ಹುಡುಗನೊಬ್ಬ ದುಡಿಯುತ್ತಿದ್ದ. ಹಗಲಿಡೀ ಕಬ್ಬಿಣ, ಎಣ್ಣೆ, ಮಸಿ. ಸಂಜೆಯಾದರೆ ಊರಿನ ತಗಡಿನ ಮಾಡಿನ ಸಿನೆಮಾ ಶೆಡ್ಡಿಗೆ ಓಟ. ಹೆಸರು ನ್ಯೂ ಡೆಕ್ಕನ್ ಸಿನೆಮಾ. ಅಲ್ಲಿ ಬಾಗಿಲು ಕಾಯುವುದು, ಹೇಳಿದ ಚಿಲ್ಲರೆ ಕೆಲಸ ಮಾಡುವುದು. ಕೂಲಿಗಿಂತ ಅವನಿಗೆ ಬೇಕಾದದ್ದು ಪುಕ್ಕಟೆ ಚಿತ್ರ ನೋಡುವ ಅವಕಾಶ. ಆಗಿನ ಚಿತ್ರಗಳಿಗೆ ಮಾತು ಇರಲಿಲ್ಲ. ಬಿಳಿ ಬಟ್ಟೆಯ ಮೇಲೆ ನೆರಳು ಬೆಳಕು ಓಡಾಡುತ್ತಿತ್ತು, ಅಷ್ಟೆ. ಜನ ಅದಕ್ಕೇ ಮರುಳಾಗಿದ್ದರು.

ಆ ಹುಡುಗ ಅದಕ್ಕೆ ಮೊದಲೇ ಮುಖಕ್ಕೆ ಬಣ್ಣ ಹಚ್ಚಿದವನು. ನಾಟಕ ಕಂಪೆನಿಯಲ್ಲಿ ಬಾಲನಟನಾಗಿ ಸ್ವಲ್ಪ ಕಾಲ ಇದ್ದು ಹೊರಗೆ ಬಂದಿದ್ದ. ಹೆಸರು ಶಾಂತಾರಾಮ ರಾಜಾರಾಮ ವಣಕುದ್ರೆ. ಮುಂದೆ ಇಡೀ ಹಿಂದೂಸ್ಥಾನ ವಿ. ಶಾಂತಾರಾಂ ಎಂದು ಕರೆದದ್ದು ಇವನನ್ನೇ.

ನಮ್ಮ ಮನೆಗಳಲ್ಲಿ ಸಿನೆಮಾದ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಉಂಟು. ಆ ಚರ್ಚೆ ಇಲ್ಲಿ ಬೇಡ. ಇಲ್ಲಿ ಹೇಳಬೇಕಾದ ವಿಷಯ ಬೇರೆ. ಒಂದು ಮಗುವಿನ ಮುಖ, ಕಂಠ ನಾಲ್ಕು ವರ್ಷ ಚೆಂದ ಕಾಣುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಮುಖ ಬದಲಾಗಿ, ಕಂಠ ಒಡೆದ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು? ಈ ಹುಡುಗನ ಜೀವನದಲ್ಲಿ ಅದಕ್ಕೊಂದು ಉತ್ತರ ಸಿಗುತ್ತದೆ.

ಗೋಕಾಕ ದಾಟಿ ಹೋಗುವ ರೈಲು

ಕರಾವಳಿಯ ನಮಗೆ ಗೋಕಾಕ ಅಂದರೆ ಜಲಪಾತ ಮತ್ತು ಕರದಂಟು. ಬೆಳಗಾವಿ ಜಿಲ್ಲೆಯ ನಕ್ಷೆ ತೆಗೆದು ನೋಡಿದರೆ ಈ ಸೀಮೆಯ ಇನ್ನೊಂದು ಗುಣ ಗೊತ್ತಾಗುತ್ತದೆ. ಕೊಲ್ಹಾಪುರದಿಂದ ಮೀರಜ್ ಮೂಲಕ ಹುಬ್ಬಳ್ಳಿಗೆ ಹೋಗುವ ರೈಲು ಗೋಕಾಕ ತಾಲೂಕಿನ ಘಟಪ್ರಭಾ, ಗೋಕಾಕ ರೋಡ್ ನಿಲ್ದಾಣಗಳನ್ನು ದಾಟಿ, ಹುಕ್ಕೇರಿ ತಾಲೂಕಿನ ಪಾಚ್ಛಾಪುರದ ಮೇಲೆ ಬೆಳಗಾವಿಗೆ ಇಳಿಯುತ್ತದೆ. ರಸ್ತೆಯಲ್ಲಿ ಹೋದರೂ ಹಾಗೆಯೇ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ನಿಪ್ಪಾಣಿ, ಅದರ ಆಚೆ ಕಾಗಲ್, ಆಮೇಲೆ ಕೊಲ್ಹಾಪುರ. ನೂರು ವರ್ಷದ ಹಿಂದೆ ಮಧ್ಯದಲ್ಲಿ ರಾಜ್ಯದ ಗಡಿ ಇರಲಿಲ್ಲ. ಗೋಕಾಕ, ಹುಕ್ಕೇರಿ, ಹುಬ್ಬಳ್ಳಿ ಎಲ್ಲವೂ ಮುಂಬೈ ಪ್ರಾಂತ್ಯದೊಳಗೆ ಇದ್ದವು. ಕೊಲ್ಹಾಪುರ ಮಾತ್ರ ಶಾಹು ಮಹಾರಾಜರ ಸಂಸ್ಥಾನ. ಮೂಡಲಗಿ ಆಗ ಗೋಕಾಕ ತಾಲೂಕಿನ ಒಂದು ಊರು, ತಾಲೂಕು ಆದದ್ದು ಮೊನ್ನೆ ಮೊನ್ನೆ.

ನಾಟಕ ಕಂಪೆನಿಗಳು ಈ ದಾರಿಯಲ್ಲೇ ಪರದೆ, ಪೆಟ್ಟಿಗೆ, ಹುಡುಗರನ್ನು ಕಟ್ಟಿಕೊಂಡು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಓಡಾಡುತ್ತಿದ್ದವು. ಇಲ್ಲಿಯ ಜನಕ್ಕೂ ಆಟ ಹೊಸದಲ್ಲ. 'ಶ್ರೀಕೃಷ್ಣ ಪಾರಿಜಾತ' ಎಂಬ ಬಯಲಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಈ ಸೀಮೆಯವರು. ಅದೇ ಆಟದಲ್ಲಿ ಹೆಣ್ಣುಮಗಳಾಗಿ ಧೈರ್ಯದಿಂದ ರಂಗಕ್ಕೆ ಬಂದು ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಕೂಡ ಹಳೆಯ ಗೋಕಾಕ ತಾಲೂಕಿನವರೇ. ಉಳಿದ ಕಡೆ ಹೆಣ್ಣಿನ ಪಾತ್ರವನ್ನು ಮೀಸೆ ಮೂಡದ ಹುಡುಗರು ಮಾಡುತ್ತಿದ್ದ ಕಾಲ ಅದು. ಕಂಪೆನಿಯವರು ಹುಡುಗರನ್ನು ಹುಡುಕುತ್ತಿದ್ದದ್ದೂ ಅದಕ್ಕೇ. ಗಂಟಲು ಒಡೆದ ದಿನ ಹುಡುಗನ ಬೆಲೆ ಇಳಿಯುತ್ತಿತ್ತು.

ಕಂಪೆನಿ ಬಿಟ್ಟ ಹುಡುಗ

ಶಾಂತಾರಾಂ ಹುಟ್ಟಿದ್ದು 1901ರ ನವೆಂಬರ್ 18ರಂದು ಕೊಲ್ಹಾಪುರದಲ್ಲಿ. ತಂದೆ ಜೈನ, ತಾಯಿ ಹಿಂದೂ. ಮನೆಯಲ್ಲಿ ಅನುಕೂಲ ಇರಲಿಲ್ಲ. ಬಾಲಗಂಧರ್ವರು, ಗೋವಿಂದರಾವ್ ಟೆಂಬೆ, ಗಣೇಶ ಬೋಡಸ್ ಸೇರಿ 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಟೆಂಬೆಯವರ ಕೈ ಹಿಡಿದು ಶಾಂತಾರಾಂ ಆ ಕಂಪೆನಿ ಸೇರಿದಾಗ ಅವನಿಗೆ ಹನ್ನೆರಡು ಹದಿಮೂರು ವರ್ಷ. ಸಿಕ್ಕಿದ್ದು ಸಣ್ಣಪುಟ್ಟ ಪಾತ್ರಗಳು. ಆ ಕಂಪೆನಿಯಲ್ಲಿ ಕಂಠವೇ ಬಂಡವಾಳ. ಬಾಲಗಂಧರ್ವರಂಥ ಗಾಯಕನ ಮುಂದೆ ಹೊಸ ಹುಡುಗನ ಕಂಠ ಯಾರಿಗೆ ಬೇಕು? ಹೆಚ್ಚು ಕಾಲ ಅವನು ಅಲ್ಲಿ ಉಳಿಯಲಿಲ್ಲ.

ಹುಬ್ಬಳ್ಳಿಗೆ ಬಂದದ್ದು ಆಮೇಲೆ. ಹಗಲು ರೈಲ್ವೆ, ಸಂಜೆ ಸಿನೆಮಾ ಶೆಡ್ಡು. ಫೋಟೋ ತೆಗೆಯುವವರ ಹತ್ತಿರ, ಬೋರ್ಡ್ ಬರೆಯುವವರ ಹತ್ತಿರ ನಿಂತು ಆ ಕೆಲಸವನ್ನೂ ಕಲಿತ. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳನ್ನು ನೋಡಿದ್ದು ಇದೇ ಕಾಲದಲ್ಲಿ. ರಂಗದ ಮೇಲೆ ನಿಂತಾಗ ಕಾಣದ್ದು ಬಾಗಿಲ ಹತ್ತಿರ ನಿಂತಾಗ ಕಾಣುತ್ತದೆ. ಜನ ಎಲ್ಲಿ ನಗುತ್ತಾರೆ, ಎಲ್ಲಿ ಕಣ್ಣೊರೆಸುತ್ತಾರೆ, ಎಲ್ಲಿ ಬೇಸರ ಬಂದು ಬೀಡಿ ಹಚ್ಚುತ್ತಾರೆ ಎಂದು ದಿನಾ ನೋಡುವ ಹುಡುಗನಿಗೆ ಅದಕ್ಕಿಂತ ದೊಡ್ಡ ಶಾಲೆ ಇರಲಿಕ್ಕಿಲ್ಲ.

ಕ್ಯಾಮರಾ ಕಟ್ಟಿದ ಬಡಗಿಗಳು

1920ರಲ್ಲಿ ಶಾಂತಾರಾಂ ಕೊಲ್ಹಾಪುರಕ್ಕೆ ಹಿಂದಿರುಗಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪೆನಿ ಸೇರಿದ. ಈ ಕಂಪೆನಿಯ ಕಥೆ ಬಹಳ ಸ್ವಾರಸ್ಯದ್ದು ಮಾರಾಯ್ರೆ. ಬಾಬುರಾವ್ ಮತ್ತು ಅವರ ಚಿಕ್ಕಪ್ಪನ ಮಗ ಆನಂದರಾವ್ ಮೇಸ್ತ್ರಿ ಮನೆತನದವರು. ಮರಗೆಲಸ, ಮೂರ್ತಿ ಕೆತ್ತನೆ, ನಾಟಕದ ಪರದೆಗೆ ಚಿತ್ರ ಬರೆಯುವುದು ಅವರ ಕಸುಬು. ಚಿತ್ರ ತೆಗೆಯಬೇಕೆಂದು ಆಸೆ ಹುಟ್ಟಿದಾಗ ವಿಲಾಯತಿಯ ಕ್ಯಾಮರಾ ಕೊಳ್ಳಲು ದುಡ್ಡು ಇಲ್ಲ. ಸರಿ, ನಾವೇ ಕಟ್ಟುವ ಎಂದು ಕೂತರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಉಳಿದವರು ಬಿಡಲಿಲ್ಲ. 1918ರ ಹೊತ್ತಿಗೆ ಕ್ಯಾಮರಾ ತಯಾರಾಯಿತು. ಕಂಪೆನಿಗೆ ದುಡ್ಡು ಹಾಕಿದವರು ತಾನೀಬಾಯಿ ಕಾಗಲ್ಕರ್ ಎಂಬ ಗಾಯಕಿ.

ಬಾಬುರಾವ್ ಜೊತೆ ಇದ್ದ ಇಬ್ಬರು ಕೆಲಸಗಾರರ ಹೆಸರು ನೆನಪಿಡಬೇಕು. ಒಬ್ಬರು ವಿಷ್ಣುಪಂತ ದಾಮ್ಲೆ. ಇನ್ನೊಬ್ಬರು ಶೇಖ್ ಫತ್ತೇಲಾಲ್. ಫತ್ತೇಲಾಲ್ ಹುಟ್ಟಿದ್ದು 1886ರಲ್ಲಿ, ಸಂಕೇಶ್ವರದ ಹೆದ್ದಾರಿಯಲ್ಲಿ ಈಗ ಹೇಳಿದೆವಲ್ಲ, ಅದೇ ಕಾಗಲ್‌ನಲ್ಲಿ. ಕೈಯಲ್ಲಿ ಉಳಿ, ಕುಂಚ ಹಿಡಿದ ಮುಸ್ಲಿಂ ಕಸುಬುದಾರ. ಬಳಗದವರಿಗೆಲ್ಲ ಅವರು ಸಾಹೇಬ್‌ಮಾಮಾ. ಕ್ಯಾಮರಾ ತಿರುಗಿಸುವುದು, ಸೆಟ್ ಕಟ್ಟುವುದು, ಬಣ್ಣ ಬಳಿಯುವುದು ಯಾವುದಕ್ಕೂ ಅವರ ಕೈ ಹಿಂದೆ ಬಿದ್ದದ್ದಿಲ್ಲ.

ಇಂಥವರ ನಡುವೆ ಬಂದ ಹುಡುಗನಿಗೆ ನಟನೆ ಒಂದೇ ಕೆಲಸವಾಗಿ ಉಳಿಯಲಿಲ್ಲ. ಆ ಕಂಪೆನಿಯಲ್ಲಿ ನಟನೂ ಸುತ್ತಿಗೆ ಹಿಡಿಯಬೇಕು, ಪರದೆ ಎಳೆಯಬೇಕು, ಫಿಲ್ಮು ತೊಳೆಯುವಲ್ಲಿ ಕೈ ಹಾಕಬೇಕು. 1921ರ 'ಸುರೇಖಾ ಹರಣ' ಮೂಕಿ ಚಿತ್ರದಲ್ಲಿ ಶಾಂತಾರಾಂ ಮೊದಲ ಬಾರಿ ತೆರೆಯ ಮೇಲೆ ಬಂದರು. ಕೃಷ್ಣನ ಪಾತ್ರ.

1925ರ 'ಸಾವಕಾರಿ ಪಾಶ' ಇದಕ್ಕಿಂತ ದೊಡ್ಡ ಚಿತ್ರ. ಕಥೆ ನಾರಾಯಣ ಹರಿ ಆಪ್ಟೆ ಅವರದ್ದು. ದೇವರು ರಾಕ್ಷಸರು ಇಲ್ಲ, ರಾಜ ಮಹಾರಾಜರು ಇಲ್ಲ. ಸಾಹುಕಾರನ ಬಡ್ಡಿಯ ಕುಣಿಕೆಗೆ ಸಿಕ್ಕಿದ ಒಬ್ಬ ರೈತ. ಜಮೀನು ಹೋಗುತ್ತದೆ, ಊರು ಬಿಟ್ಟು ಪಟ್ಟಣದ ಗಿರಣಿಗೆ ಕೂಲಿಯಾಗಿ ಸೇರುತ್ತಾನೆ. ಆ ಎಳೆಯ ರೈತನಾಗಿ ನಟಿಸಿದವರು ಶಾಂತಾರಾಂ. ಗೋಕಾಕ ಫಾಲ್ಸ್‌ನಲ್ಲಿ 19ನೇ ಶತಮಾನದ ಕೊನೆಗೇ ನೂಲಿನ ಗಿರಣಿ ಶುರುವಾಗಿದೆ. ಹೊಲ ಬಿಟ್ಟು ಗಿರಣಿಯ ಸೈರನ್ನಿಗೆ ಏಳುವ ಬದುಕು ಈ ಸೀಮೆಗೆ ಹೊಸದಲ್ಲ. ಬಡ್ಡಿ ಯಾಕೆ ಹರಾಮ್ ಎಂದು ನಾವು ಮಕ್ಕಳಿಗೆ ಕಿತಾಬು ಇಟ್ಟು ಪಾಠ ಹೇಳುತ್ತೇವೆ. ಬಡ್ಡಿ ಒಂದು ಮನೆಯನ್ನು ಹೇಗೆ ತಿನ್ನುತ್ತದೆ ಎಂದು ಈ ಮೂಕಿ ಚಿತ್ರ ಒಂದು ಮಾತೂ ಆಡದೆ ತೋರಿಸಿತು.

ಮುಂದಿನಿಂದ ಹಿಂದಕ್ಕೆ

ತೆರೆಯ ಮೇಲೆ ಗುರುತು ಸಿಕ್ಕಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಇನ್ನೂ ದೊಡ್ಡ ಪಾತ್ರ ಬೇಕು ಅನ್ನುತ್ತಾರೆ. ಶಾಂತಾರಾಂ ಕ್ಯಾಮರಾದ ಹಿಂದೆ ಹೋದರು. 1927ರಲ್ಲಿ ಕೇಶವರಾವ್ ಧಾಯ್ಬರ್ ಜೊತೆ 'ನೇತಾಜಿ ಪಾಲ್ಕರ್' ಚಿತ್ರ ನಿರ್ದೇಶಿಸಿದರು. 1929ರ ಜೂನ್ 1ರಂದು ಶಾಂತಾರಾಂ, ದಾಮ್ಲೆ, ಫತ್ತೇಲಾಲ್, ಧಾಯ್ಬರ್ ಮತ್ತು ದುಡ್ಡು ಹಾಕಿದ ಸೀತಾರಾಮಪಂತ ಕುಲಕರ್ಣಿ ಸೇರಿ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪೆನಿ ಶುರು ಮಾಡಿದರು. ಐದು ಮಂದಿ ಪಾಲುದಾರರು. ಅವರಲ್ಲಿ ಒಬ್ಬರು ಮುಸಲ್ಮಾನರು. ಆ ಕಾಲಕ್ಕೆ ಅದು ದೊಡ್ಡ ಸುದ್ದಿಯಾಗಿ ಯಾರಿಗೂ ಕಾಣಲಿಲ್ಲ. ಕೆಲಸ ಬಲ್ಲವರು ಕೆಲಸ ಬಲ್ಲವರ ಜೊತೆ ಕೂಡಿದರು, ಅಷ್ಟೆ.

1930ರಲ್ಲಿ ಪ್ರಭಾತ್ 'ರಾಣಿ ಸಾಹೇಬಾ' ಎಂಬ ಚಿತ್ರ ತೆಗೆಯಿತು. 'ಬಜಾರಬಟ್ಟು' ಎಂದೂ ಹೆಸರು. ನಮ್ಮ ದೇಶದ ಮೊದಲ ಮಕ್ಕಳ ಚಿತ್ರ ಎಂದು ಅದನ್ನು ಗುರುತಿಸುತ್ತಾರೆ. ನಿರ್ದೇಶಕರು ಶಾಂತಾರಾಂ ಮತ್ತು ಧಾಯ್ಬರ್. ಬಾಲನಟನಾಗಿ ಬಣ್ಣ ಹಚ್ಚಿದವನೇ ದೊಡ್ಡವನಾಗಿ ಮಕ್ಕಳನ್ನು ಕ್ಯಾಮರಾದ ಮುಂದೆ ನಿಲ್ಲಿಸಿದ. ಅದೇ ವರ್ಷ 'ಉದಯಕಾಲ'. ಅದರ ಮೊದಲ ಹೆಸರಿನಲ್ಲಿ 'ಸ್ವರಾಜ್ಯ' ಎಂಬ ಶಬ್ದ ಇತ್ತು. ಬ್ರಿಟಿಷರ ಸೆನ್ಸಾರಿಗೆ ಅದು ಹಿಡಿಸಲಿಲ್ಲ, ಹೆಸರು ಬದಲಾಯಿತು. ಅದರಲ್ಲಿ ಶಿವಾಜಿಯ ಪಾತ್ರ ಮಾಡಿದ್ದೂ ಶಾಂತಾರಾಂ ಅವರೇ. ನಟನೆ ಬಿಟ್ಟರು ಎಂದಲ್ಲ. ಅದು ಅವರ ಹತ್ತು ಕೆಲಸಗಳಲ್ಲಿ ಒಂದಾಯಿತು.

1931ರಲ್ಲಿ 'ಆಲಂ ಆರಾ' ಬಂದು ಚಿತ್ರಗಳು ಮಾತಾಡಲು ಕಲಿತವು. ಮೂಕಿ ಚಿತ್ರದ ಎಷ್ಟೋ ನಟರ ಹೊಟ್ಟೆಯ ಮೇಲೆ ಏಟು ಬಿತ್ತು. ಭಾಷೆ ಬಾರದವರು, ಹಾಡಲು ಬಾರದವರು ಮೂಲೆಗೆ ಸರಿದರು. ಕೈಯಲ್ಲಿ ಕಸುಬು ಇದ್ದವರು ಉಳಿದರು. ದಾಮ್ಲೆ ಧ್ವನಿಮುದ್ರಣ ಕಲಿತರು. ಫತ್ತೇಲಾಲ್ ಕಲಾ ನಿರ್ದೇಶನ ನೋಡಿಕೊಂಡರು. ಶಾಂತಾರಾಂ 1932ರಲ್ಲಿ 'ಅಯೋಧ್ಯೇಚಾ ರಾಜಾ' ತೆಗೆದರು, ಮರಾಠಿಯ ಮೊದಲ ಮಾತಿನ ಚಿತ್ರ ಅದು. ಮರುವರ್ಷ ಪ್ರಭಾತ್ ಕೊಲ್ಹಾಪುರದಿಂದ ಪುಣೆಗೆ ಹೋಯಿತು.

ಮೌನದ ಚಿತ್ರದಲ್ಲಿ ಕಲಿತದ್ದು ಶಾಂತಾರಾಂ ಅವರನ್ನು ಬಿಟ್ಟು ಹೋಗಲಿಲ್ಲ. 1934ರ 'ಅಮೃತ ಮಂಥನ'ದಲ್ಲಿ ಪುರೋಹಿತನ ಒಂದು ಕಣ್ಣು ಇಡೀ ಪರದೆ ತುಂಬುತ್ತದೆ. ಮಾತು ಬಂದ ಮೇಲೂ ಕಣ್ಣಿನಿಂದ ಹೆದರಿಸಬಹುದು ಎಂದು ಅವರಿಗೆ ಗೊತ್ತಿತ್ತು. 1937ರ 'ಕುಂಕೂ', ಹಿಂದಿಯಲ್ಲಿ 'ದುನಿಯಾ ನ ಮಾನೇ', ಮೋಸದಿಂದ ಮುದುಕನಿಗೆ ಮದುವೆ ಮಾಡಿಸಲ್ಪಟ್ಟ ಎಳೆಯ ಹುಡುಗಿಯ ಕಥೆ. ಆಕೆ ಅಳುತ್ತಾ ಕೂರುವುದಿಲ್ಲ, ಈ ಮದುವೆ ಒಪ್ಪುವುದಿಲ್ಲ ಎಂದು ಗಟ್ಟಿಯಾಗಿ ನಿಲ್ಲುತ್ತಾಳೆ. ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಮನೆಯೊಳಗಿನ ಸದ್ದು, ಬೀದಿಯ ಸದ್ದು ಮಾತ್ರ. ಹುಡುಗಿಯ ಒಪ್ಪಿಗೆ ಇಲ್ಲದ ನಿಕಾಹ್ ಸರಿಯಲ್ಲ ಎಂದು ಕಲಿಸುವ ನಮಗೂ ಈ ಕಥೆಯಲ್ಲಿ ಯೋಚಿಸಲು ವಿಷಯ ಉಂಟು.

ಸಾಹೇಬ್‌ಮಾಮಾ ಮತ್ತು ಸಂತ ತುಕಾರಾಮ

ಶಾಂತಾರಾಂ ಬಗ್ಗೆ ಬರೆಯುವವರು ಬಹಳ. ಫತ್ತೇಲಾಲ್ ಬಗ್ಗೆ ಕಡಿಮೆ. ಆದರೆ ಪ್ರಭಾತ್‌ನ ಅತಿ ದೊಡ್ಡ ಹೆಸರು 'ಸಂತ ತುಕಾರಾಮ'. ಅದನ್ನು ನಿರ್ದೇಶಿಸಿದವರು ದಾಮ್ಲೆ ಮತ್ತು ಫತ್ತೇಲಾಲ್. 1936ರಲ್ಲಿ ಬಂದ ಆ ಚಿತ್ರ ಮುಂಬೈಯಲ್ಲಿ ವರ್ಷಕ್ಕೂ ಹೆಚ್ಚು ಓಡಿತು. 1937ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಜಗತ್ತಿನ ಮೂರು ಉತ್ತಮ ಚಿತ್ರಗಳಲ್ಲಿ ಒಂದು ಎಂದು ಆರಿಸಲಾಯಿತು. ವಾರಕರಿಗಳ ಸಂತನ ಬದುಕನ್ನು ಇಷ್ಟು ಚೆಂದ ತೆರೆಗೆ ತಂದ ಇಬ್ಬರಲ್ಲಿ ಒಬ್ಬರು ಕಾಗಲ್‌ನ ಒಬ್ಬ ಶೇಖ್. ಹಳ್ಳಿಯ ಮನೆ, ಗೋಡೆ, ಅಂಗಳ ಹೇಗಿರುತ್ತದೆ ಎಂದು ಅವರ ಕಣ್ಣಿಗೆ ಗೊತ್ತಿತ್ತು. ಇನ್ನೊಬ್ಬರ ಧರ್ಮದ ವಿಷಯವನ್ನು ಅವರಿಗೆ ನೋವಾಗದ ಹಾಗೆ, ಅವರೇ ಮೆಚ್ಚುವ ಹಾಗೆ ಮಾಡಿ ಕೊಡಬೇಕಾದರೆ ಕೈಯಲ್ಲಿ ಕಸುಬು ಇದ್ದರೆ ಸಾಲದು, ಮನಸ್ಸೂ ಶುದ್ಧ ಬೇಕು.

ಫತ್ತೇಲಾಲ್ 1964ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ. ತೆರೆಯ ಮೇಲೆ ಮುಖ ಕಾಣಿಸಿದವರ ಹೆಸರು ಮಾತ್ರ ಗೊತ್ತಿರುವುದು.

ಇಬ್ಬರು ನೆರೆಯವರು

1941ರಲ್ಲಿ ಶಾಂತಾರಾಂ 'ಶೇಜಾರಿ' ತೆಗೆದರು. ಹಿಂದಿಯಲ್ಲಿ ಅದೇ 'ಪಡೋಸಿ'. ಅಂದರೆ ನೆರೆಮನೆಯವ. ದೇಶದಲ್ಲಿ ಹಿಂದೂ ಮುಸ್ಲಿಮರ ನಡುವೆ ಗೋಡೆ ಏಳುತ್ತಿದ್ದ ಕಾಲ. ಕಥೆ ಹೀಗೆ: ಒಂದು ಊರಿನಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಇಬ್ಬರೂ ವಯಸ್ಸಾದವರು, ಜೀವದ ಗೆಳೆಯರು. ಜೊತೆಗೆ ಕೂತು ಚದುರಂಗ ಆಡುತ್ತಾರೆ. ಅಣೆಕಟ್ಟು ಕಟ್ಟಲು ಒಬ್ಬ ದೊಡ್ಡ ಕುಳ ಬರುತ್ತಾನೆ. ಊರಿನ ಜಮೀನು ಬೇಕು. ಇವರಿಬ್ಬರು ಒಂದಾಗಿ ಇರುವಷ್ಟು ದಿನ ಅವನಿಗೆ ಜಮೀನು ಸಿಗುವುದಿಲ್ಲ. ಹಾಗಾಗಿ ಅವರ ನಡುವೆ ಸಂಶಯ ಬಿತ್ತುತ್ತಾನೆ. ಸ್ನೇಹ ಮುರಿಯುತ್ತದೆ. ಕೊನೆಗೆ ಅಣೆಕಟ್ಟು ಒಡೆಯುವಾಗ ಇಬ್ಬರೂ ಕೈ ಕೈ ಹಿಡಿದುಕೊಂಡು ಸಾಯುತ್ತಾರೆ.

ಹಿಂದಿ ಚಿತ್ರದಲ್ಲಿ ಮುಸ್ಲಿಂ ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರ್‌ದಾರ್ ಮಾಡಿದರು, ಹಿಂದೂ ಠಾಕೂರನ ಪಾತ್ರವನ್ನು ಮಜ್ಹರ್ ಖಾನ್. ಪಾತ್ರ ಹಂಚುವಲ್ಲೇ ನಿರ್ದೇಶಕ ತನ್ನ ಮಾತು ಹೇಳಿ ಮುಗಿಸಿದ್ದ. ಇದು ಕ್ಯಾಮರಾದ ಹಿಂದೆ ನಿಂತವನಿಗೆ ಮಾತ್ರ ಸಾಧ್ಯವಾಗುವ ಕೆಲಸ. ಮುಂದೆ ನಿಂತ ನಟ ತನ್ನ ಪಾತ್ರ ಆಡಿ ಹೋಗುತ್ತಾನೆ. ಯಾರು ಯಾವ ಪಾತ್ರ ಆಡಬೇಕು ಎಂದು ನಿರ್ಧರಿಸುವವನು ಹಿಂದೆ ಇರುತ್ತಾನೆ.

ಹುಕ್ಕೇರಿ ಸೀಮೆಯವರಿಗೆ ಅಣೆಕಟ್ಟಿನ ಮಾತು ಬರಿಯ ಸಿನೆಮಾ ಅಲ್ಲ. ಈ ಚಿತ್ರ ಬಂದು ಎಷ್ಟೋ ವರ್ಷಗಳ ನಂತರ ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಜಲಾಶಯ ಆಯಿತು. ಹೊಲಗಳಿಗೆ ನೀರು ಬಂತು, ಕಬ್ಬು ಬಂತು. ಅದರಡಿಯಲ್ಲಿ ಊರುಗಳು ಮುಳುಗಿದ್ದೂ ನಿಜ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಊರು ಬಿಟ್ಟು ಹೋಗುವಾಗ ಮನೆಯನ್ನು ಇನ್ನೊಂದು ಕಡೆ ಕಟ್ಟಬಹುದು. ಗೋಡೆಗೆ ಗೋಡೆ ತಾಗಿದ ನೆರೆಯವನನ್ನು ಎಲ್ಲಿಂದ ತರುವುದು? ನೆರೆಮನೆಯವರ ಹಕ್ಕಿನ ಬಗ್ಗೆ ನಮ್ಮ ದೀನ್ ಎಷ್ಟು ಒತ್ತಿ ಹೇಳಿದೆ ಎಂದು ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಆ ನೆರೆಯವನು ನಮ್ಮವನೇ ಆಗಿರಬೇಕು ಎಂಬ ಷರತ್ತು ಅದರಲ್ಲಿ ಇಲ್ಲ.

ಹಿಂದೆ ನಿಂತ ಇನ್ನೂ ಕೆಲವರು

ಈ ದಾರಿ ಹಿಡಿದವರು ಶಾಂತಾರಾಂ ಒಬ್ಬರೇ ಅಲ್ಲ. 1913ರಲ್ಲಿ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆಯುವಾಗ ಹೆಂಗಸರು ಯಾರೂ ನಟಿಸಲು ಬರಲಿಲ್ಲ. ಮುಂಬೈಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತರುಣನನ್ನು ಕರೆತಂದು ರಾಣಿ ತಾರಾಮತಿ ಮಾಡಿದರು. 1917ರ 'ಲಂಕಾ ದಹನ'ದಲ್ಲಿ ಆತನೇ ರಾಮ, ಆತನೇ ಸೀತೆ. ಮುಂದೆ ಹೆಣ್ಣು ವೇಷ ಕಳಚಿ ಕ್ಯಾಮರಾ ಕಲಿತು ಛಾಯಾಗ್ರಾಹಕನಾದ. ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ ತೆರೆಯ ಮೇಲೆ ಬರಲಿಲ್ಲ. ಇಡೀ ಬಳಗಕ್ಕೆ ಅಡುಗೆ ಮಾಡಿ ಹಾಕಿ, ರಾತ್ರಿ ಕೂತು ಫಿಲ್ಮಿನ ಅಂಚಿಗೆ ತೂತು ಕೊರೆಯುತ್ತಿದ್ದರು. ಆ ತೂತು ಇಲ್ಲದಿದ್ದರೆ ಕ್ಯಾಮರಾದಲ್ಲಿ ಫಿಲ್ಮು ಓಡುವುದೇ ಇಲ್ಲ.

ನಮ್ಮವರಲ್ಲೂ ಒಬ್ಬ ತಾಯಿ ಇದ್ದರು. ಫಾತಿಮಾ ಬೇಗಂ. ತಾನೂ ನಟಿ, ಹೆಣ್ಣುಮಕ್ಕಳನ್ನೂ ಎಳೆಯ ಪ್ರಾಯದಲ್ಲೇ ಮೂಕಿ ಚಿತ್ರಕ್ಕೆ ತಂದವರು. 1926ರಲ್ಲಿ 'ಬುಲ್‌ಬುಲ್ ಎ ಪರಿಸ್ತಾನ್' ಚಿತ್ರವನ್ನು ನಿರ್ದೇಶಿಸಿ ದೇಶದ ಮೊದಲ ಮಹಿಳಾ ನಿರ್ದೇಶಕಿಯಾದರು. 'ಆಲಂ ಆರಾ'ದ ನಾಯಕಿ ಜುಬೇದಾ ಇವರ ಮಗಳು.

ಅಮೆರಿಕದ ಎರಡು ಉದಾಹರಣೆ ನೋಡಿ. ಚಾರ್ಲಿ ಚಾಪ್ಲಿನ್‌ರ 1921ರ 'ದಿ ಕಿಡ್'ನಲ್ಲಿ ಪುಟ್ಟ ಅನಾಥ ಹುಡುಗನಾಗಿ ಜಗತ್ತನ್ನೇ ಅಳಿಸಿದವನು ಜಾಕಿ ಕೂಗನ್. ಲಕ್ಷ ಲಕ್ಷ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ತಾಯಿ ಮತ್ತು ಮಲತಂದೆ ಎಲ್ಲವನ್ನೂ ಖರ್ಚು ಮಾಡಿ ಮುಗಿಸಿದ್ದರು. 1938ರಲ್ಲಿ ಕೋರ್ಟಿಗೆ ಹೋದ. ಕೈಗೆ ಬಂದದ್ದು ಸುಮಾರು 1,26,000 ಡಾಲರ್ ಮಾತ್ರ. ಅವನ ಕಷ್ಟ ನೋಡಿ 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ದುಡಿಮೆ ಕಾಪಾಡುವ ಕಾನೂನು ತಂದಿತು.

ಇನ್ನೊಬ್ಬ ರಾಬರ್ಟ್ ಪ್ಯಾರಿಶ್. 1916ರಲ್ಲಿ ಹುಟ್ಟಿದವನು. ಚಾಪ್ಲಿನ್‌ರ 1931ರ 'ಸಿಟಿ ಲೈಟ್ಸ್' ಮೂಕಿ ಚಿತ್ರದಲ್ಲಿ ಬೀದಿ ಮೂಲೆಯಲ್ಲಿ ಪೇಪರ್ ಮಾರುತ್ತಾ, ಕೊಳವೆಯಿಂದ ಕಾಳು ಊದಿ ಚಾಪ್ಲಿನ್‌ಗೆ ಹೊಡೆಯುವ ಇಬ್ಬರು ತುಂಟ ಹುಡುಗರಲ್ಲಿ ಒಬ್ಬ. ಚಾಪ್ಲಿನ್ ಎಲ್ಲರ ಪಾತ್ರವನ್ನೂ ತಾನೇ ಆಡಿ ತೋರಿಸುವುದನ್ನು ಆ ಹುಡುಗ ಕಣ್ಣು ಬಿಟ್ಟು ನೋಡಿದ. ದೊಡ್ಡವನಾಗಿ ಸಂಕಲನ, ಅಂದರೆ ಫಿಲ್ಮು ಕತ್ತರಿಸಿ ಜೋಡಿಸುವ ಕೆಲಸ ಕಲಿತ. 1947ರ 'ಬಾಡಿ ಆ್ಯಂಡ್ ಸೋಲ್' ಚಿತ್ರದ ಸಂಕಲನಕ್ಕೆ ಜೊತೆಗಾರನೊಂದಿಗೆ ಆಸ್ಕರ್ ಪಡೆದ. ಆಮೇಲೆ ನಿರ್ದೇಶಕನೂ ಆದ. ಕೂಗನ್‌ನ ಕೈಗೆ ಹೆಸರು ಬಂತು, ಪ್ಯಾರಿಶ್‌ನ ಕೈಗೆ ಕಸುಬು ಬಂತು.

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ

ಈಗ ಕ್ಯಾಮರಾ ಕೊಲ್ಹಾಪುರಕ್ಕೆ ಹೋಗಿ ಹುಡುಕಬೇಕಾಗಿಲ್ಲ. ಪ್ರತಿ ಮನೆಯ ಮೇಜಿನ ಮೇಲೆ ಉಂಟು. ಮೀಲಾದ್ ಕಾರ್ಯಕ್ರಮದಲ್ಲಿ ಒಳ್ಳೆ ಕಂಠದಲ್ಲಿ ಹಾಡುವ ಏಳೆಂಟು ವರ್ಷದ ಹುಡುಗ ಸಿಕ್ಕಿದರೆ ಇಡೀ ಜಮಾಅತ್ ಎತ್ತಿ ಆಡಿಸುತ್ತದೆ. ವೀಡಿಯೊ ಊರೂರು ಸುತ್ತುತ್ತದೆ. ಉಮ್ಮನಿಗೆ ಸಂತೋಷ, ಬಾಪನಿಗೆ ಹೆಮ್ಮೆ. ತಪ್ಪೇನಿಲ್ಲ. ಅದೇ ಹುಡುಗನಿಗೆ ಹದಿಮೂರು ಹದಿನಾಲ್ಕು ಆಗಿ ಗಂಟಲು ಒಡೆದಾಗ ಸ್ಟೇಜಿಗೆ ಇನ್ನೊಬ್ಬ ಪುಟ್ಟ ಬರುತ್ತಾನೆ. ಇವನು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕೂರುತ್ತಾನೆ. ಕೆಲವರು ಮದ್ರಸಕ್ಕೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಅವನಲ್ಲಿ ಇದ್ದದ್ದು ಬರೀ ಕಂಠ ಎಂದು ನಾವೇ ಅವನಿಗೆ ನಂಬಿಸಿಬಿಟ್ಟಿರುತ್ತೇವೆ.

ಟಿವಿ ಶೋ, ಜಾಹೀರಾತು, ಸಿನೆಮಾಕ್ಕೆ ಮಕ್ಕಳನ್ನು ಕಳಿಸುವವರಿಗೆ ಕಾನೂನೂ ತಿಳಿದಿರಲಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ 14 ವರ್ಷ ತುಂಬದ ಮಗುವನ್ನು ಕಲಾವಿದನಾಗಿ ದುಡಿಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಕೊಡದೆ 3 ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಕೊಡಬಾರದು. ಬಂದ ಹಣದಲ್ಲಿ ಕನಿಷ್ಠ 20 ಶೇಕಡ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಶಾಲೆ ತಪ್ಪಿಸುವಂತಿಲ್ಲ. ಮಗುವಿನ ದುಡಿಮೆ ಮಗುವಿನ ಅಮಾನತ್. ಕೂಗನ್‌ನ ಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲಿ ನಡೆಯಬಾರದು.

ಕೊನೆಯವರೆಗೂ ಕೆಲಸ

ಶಾಂತಾರಾಂ 1942ರಲ್ಲಿ ಪ್ರಭಾತ್ ಬಿಟ್ಟು ಮುಂಬೈಯಲ್ಲಿ ರಾಜ್‌ಕಮಲ್ ಕಲಾಮಂದಿರ ಕಟ್ಟಿದರು. ತಂದೆ ರಾಜಾರಾಮ, ತಾಯಿ ಕಮಲ, ಎರಡೂ ಹೆಸರು ಕೂಡಿಸಿ ಇಟ್ಟದ್ದು. 1946ರ 'ಡಾ. ಕೋಟ್ನಿಸ್ ಕೀ ಅಮರ್ ಕಹಾನಿ'ಗೆ ಕಥೆ ಕೊಟ್ಟವರು ಖ್ವಾಜಾ ಅಹ್ಮದ್ ಅಬ್ಬಾಸ್. ಚೀನಾದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡುತ್ತಾ ಅಲ್ಲೇ ತೀರಿಕೊಂಡ ಸೊಲ್ಲಾಪುರದ ಡಾಕ್ಟರನ ಕಥೆ ಅದು. 1957ರ 'ದೋ ಆಂಖೇಂ ಬಾರಹ್ ಹಾಥ್'ನಲ್ಲಿ ಆರು ಮಂದಿ ಕೊಲೆಗಡುಕ ಕೈದಿಗಳನ್ನು ಬೇಡಿ ಹಾಕದೆ, ನಂಬಿಕೆಯಿಂದ ತಿದ್ದುವ ಜೈಲು ಅಧಿಕಾರಿಯ ಪಾತ್ರವನ್ನು 55 ದಾಟಿದ ಶಾಂತಾರಾಂ ತಾನೇ ಮಾಡಿದರು. ಗೂಳಿಯ ಜೊತೆ ಕಾದಾಡುವ ದೃಶ್ಯದಲ್ಲಿ ಕಣ್ಣಿಗೆ ಪೆಟ್ಟು ಬಿತ್ತು. ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ, ಬರ್ಲಿನ್‌ನ ಬೆಳ್ಳಿ ಕರಡಿ ಎರಡೂ ಬಂದವು. 1985ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಹುಬ್ಬಳ್ಳಿಯ ಶೆಡ್ಡಿನಲ್ಲಿ ಯಾರ ಚಿತ್ರ ನೋಡಿ ಬೆರಗಾಗಿದ್ದನೋ, ಅವರ ಹೆಸರಿನ ಪ್ರಶಸ್ತಿ. 1990ರ ಅಕ್ಟೋಬರ್ 30ರಂದು ತೀರಿಕೊಂಡರು.

ಪುಣೆಯಲ್ಲಿ ಪ್ರಭಾತ್ ಇದ್ದ ಜಾಗದಲ್ಲಿ 1960ರಲ್ಲಿ ಸರಕಾರ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ನಮ್ಮ ಗಿರೀಶ್ ಕಾಸರವಳ್ಳಿ ಕಲಿತದ್ದು ಅಲ್ಲಿಯೇ. ಗಿರೀಶ್ ಕಾರ್ನಾಡ್ ಅಲ್ಲಿ ನಿರ್ದೇಶಕರಾಗಿದ್ದರು. ದಾಮ್ಲೆ, ಸಾಹೇಬ್‌ಮಾಮಾ ಓಡಾಡಿದ ಅಂಗಳದಲ್ಲಿ ಇಂದು ಹುಡುಗ ಹುಡುಗಿಯರು ಕ್ಯಾಮರಾ, ಧ್ವನಿ, ಸಂಕಲನ ಕಲಿಯುತ್ತಾರೆ. ನಮ್ಮ ಭಾಷೆಯ 'ಬ್ಯಾರಿ' ಚಿತ್ರ 2011ರ ಸಾಲಿನ ಅತ್ಯುತ್ತಮ ಚಿತ್ರಕ್ಕಿರುವ ಸ್ವರ್ಣಕಮಲವನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡದ್ದು ನೆನಪಿದೆಯಲ್ವಾ? ಆ ಚಿತ್ರ ನೋಡಿದವರು ನಟರನ್ನು ನೆನಪಿಟ್ಟಿದ್ದಾರೆ. ಬೆಳಕು ಹಿಡಿದವರು, ಧ್ವನಿ ಹಿಡಿದವರು ಯಾರು ಎಂದು ಕೇಳಿದವರು ಕಡಿಮೆ.

ಈ ಸಲ ಮೀಲಾದ್ ಸ್ಟೇಜು ಹಾಕುವಾಗ ಗಂಟಲು ಒಡೆದ ಹುಡುಗರನ್ನು ಕರೆದು ಮೈಕ್, ವಯರು, ದೀಪ ಅವರ ಕೈಗೆ ಕೊಡಿ. ಒಬ್ಬನಿಗೆ ಹಾಡು ಬರೆಯಲು ಹೇಳಿ, ಇನ್ನೊಬ್ಬನಿಗೆ ಪುಟ್ಟ ಮಕ್ಕಳಿಗೆ ಹಾಡು ಕಲಿಸಲು ಹೇಳಿ. ಕಾರ್ಯಕ್ರಮ ಮುಗಿದ ಮೇಲೆ ವಂದನೆ ಹೇಳುವಾಗ ಅವರ ಹೆಸರನ್ನೂ ಗಟ್ಟಿಯಾಗಿ ಹೇಳಿ.